ಮಗಳ ಕೈಯಲ್ಲೊಂದು ಬೆಳಕಿನ ಕತ್ತಿ

"ಅಮ್ಮೀ, ನನ್ನ ತಲವಾರ್ ಕತ್ತಲೆಯಲ್ಲಿ ಹೊಳೀಬೇಕು!"

ಶಾಲೆಯ ಗ್ಯಾದರಿಂಗ್ ಹತ್ತಿರ ಬಂತೆಂದರೆ ನಿಮ್ಮ ಮನೆಯಲ್ಲೂ ಇಂತಹ ಬೇಡಿಕೆಗಳು ಹುಟ್ಟಿಕೊಳ್ಳುತ್ತವೆ ಅಲ್ಲವೇ? ಒಬ್ಬರಿಗೆ ಕಿರೀಟ ಬೇಕು, ಒಬ್ಬರಿಗೆ ಅಂಟಿಸುವ ಮೀಸೆ ಬೇಕು, ಇನ್ನೊಬ್ಬರಿಗೆ ಚಿಟ್ಟೆಯ ರೆಕ್ಕೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಗ್ಯಾದರಿಂಗ್ ಎಂದರೆ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಬರಲೇಬೇಕು. ಅವರು ಬಂದ ಮೇಲೆ ಕತ್ತಿಯೂ ಬರಲೇಬೇಕು. ನನ್ನ ಮಗಳಿಗೆ ಸಿಕ್ಕಿದ್ದು ಮಾತ್ರ ಚಾಂದ್ ಬೀಬಿಯ ಪಾತ್ರ. ರಾತ್ರಿಯ ದೃಶ್ಯವೊಂದರಲ್ಲಿ ವೇದಿಕೆಯ ದೀಪಗಳನ್ನೆಲ್ಲ ಆರಿಸುತ್ತೇವೆ, ಆಗ ರಾಣಿಯ ಕೈಯ ಕತ್ತಿಯೊಂದೇ ಬೆಳಗಬೇಕು ಎಂದು ಟೀಚರ್ ಹೇಳಿ ಕಳಿಸಿದ್ದರು. ಉಳಿದದ್ದು ಐದೇ ದಿನ.

ಸಹೋದರಿಯರೇ, ವೈರು, ಬ್ಯಾಟರಿ ಎಂದರೆ ಅದು ಗಂಡಸರ ಕೆಲಸ ಎಂದು ನಾವು ಬಹಳ ಮಂದಿ ದೂರವೇ ಉಳಿಯುತ್ತೇವೆ. ನಾನೂ ಹಾಗೆಯೇ ಇದ್ದೆ. ಆದರೆ ಆ ಐದು ದಿನಗಳಲ್ಲಿ ಕಲಿತದ್ದು ಕತ್ತಿಗಷ್ಟೇ ಅಲ್ಲ, ಮನೆಗೆ ದೀಪ ಕೊಳ್ಳುವಾಗಲೂ ಉಪಯೋಗಕ್ಕೆ ಬರುವಂಥದ್ದು. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಚಾಂದ್ ಬೀಬಿ ನಮಗೆ ದೂರದವರಲ್ಲ

ಮೊದಲು ಈ ರಾಣಿಯ ಬಗ್ಗೆ ಎರಡು ಮಾತು. ಕತ್ತಿ ಯಾಕೆ ಬೆಳಗಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಚಾಂದ್ ಬೀಬಿ ಅಹ್ಮದ್‌ನಗರದ ಹುಸೇನ್ ನಿಝಾಮ್ ಶಾಹನ ಮಗಳು, ಬಿಜಾಪುರದ ಒಂದನೇ ಅಲಿ ಆದಿಲ್ ಶಾಹನ ಪತ್ನಿ. ನಮ್ಮ ಮುಗಳಖೋಡ, ರಾಯಬಾಗ, ಅಥಣಿಯ ಸೀಮೆಯೆಲ್ಲ ಆಗ ಬಿಜಾಪುರದ ಆಳ್ವಿಕೆಗೇ ಸೇರಿತ್ತು. 1580ರಲ್ಲಿ ಪತಿ ತೀರಿಕೊಂಡಾಗ ಪಟ್ಟಕ್ಕೆ ಬಂದ ಎರಡನೇ ಇಬ್ರಾಹೀಮ್ ಆದಿಲ್ ಶಾಹ್ ಇನ್ನೂ ಬಾಲಕ. ಅವನ ಪರವಾಗಿ ರಾಜ್ಯದ ಹೊಣೆ ಹೊತ್ತವರು ಚಾಂದ್ ಬೀಬಿ. ಅರಬಿ, ಫಾರ್ಸಿಗಳ ಜೊತೆಗೆ ಅವರಿಗೆ ಮರಾಠಿ, ಕನ್ನಡವೂ ಬರುತ್ತಿತ್ತು ಎಂದು ಇತಿಹಾಸಕಾರರು ಬರೆದಿದ್ದಾರೆ.

ಮುಂದೆ ಅವರು ತವರಿಗೆ ಮರಳಿದರು. 1595ರ ಕೊನೆಯಲ್ಲಿ ಅಕ್ಬರನ ಮಗ ಮುರಾದ್ ದೊಡ್ಡ ಸೈನ್ಯದೊಂದಿಗೆ ಅಹ್ಮದ್‌ನಗರದ ಕೋಟೆಗೆ ಮುತ್ತಿಗೆ ಹಾಕಿದ. ಮೊಘಲರು ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಸ್ಫೋಟಿಸಿದರು. ಗೋಡೆಯಲ್ಲಿ ದೊಡ್ಡ ಕಂಡಿ ಬಿತ್ತು. ಒಳಗಿದ್ದವರು ಎದೆಗುಂದಿ ಓಡತೊಡಗಿದಾಗ ಚಾಂದ್ ಬೀಬಿ ಮುಖಕ್ಕೆ ಪರದೆ ಎಳೆದುಕೊಂಡು, ಕೈಯಲ್ಲಿ ಕತ್ತಿ ಹಿಡಿದು ಆ ಕಂಡಿಯಲ್ಲೇ ಬಂದು ನಿಂತರು. ಸಂಜೆಯವರೆಗೂ ಶತ್ರುಗಳನ್ನು ತಡೆದರು. ರಾತ್ರಿಯಿಡೀ ನಿಂತು ಗೋಡೆ ಕಟ್ಟಿಸಿದರು. ಬೆಳಗಾಗುವಾಗ ಕಂಡಿ ಮುಚ್ಚಿತ್ತು. ಮುಂದಿನ ವರ್ಷ ಮೊಘಲರು ಒಪ್ಪಂದ ಮಾಡಿಕೊಂಡು ಹಿಂದಿರುಗಬೇಕಾಯಿತು.

ಟೀಚರ್ ಆರಿಸಿಕೊಂಡದ್ದು ಆ ರಾತ್ರಿಯ ದೃಶ್ಯವನ್ನು. ಮಕ್ಕಳು ರಟ್ಟಿನ ಡಬ್ಬಿಗಳನ್ನು ಕಲ್ಲಿನಂತೆ ಪೇರಿಸುತ್ತಾರೆ, ರಾಣಿ ಪಕ್ಕದಲ್ಲಿ ನಿಂತಿರುತ್ತಾಳೆ.

ಮೊದಲ ಕತ್ತಿ ಸೋತಿತು

ಹಿಂದೆ ನಮ್ಮ ಕಡೆಯ ಸಣ್ಣಾಟ, ದೊಡ್ಡಾಟಗಳಲ್ಲಿ ಕಟ್ಟಿಗೆಯ ಕತ್ತಿಗೆ ಬೇಗಡೆ ಹಚ್ಚುತ್ತಿದ್ದರು. ಗ್ಯಾಸ್ ಬತ್ತಿಯ ಬೆಳಕು ಬಿದ್ದಾಗ ಅದು ಥಳಥಳಿಸುತ್ತಿತ್ತು. ಆ ಕತ್ತಿಗೆ ಸ್ವಂತ ಬೆಳಕಿರಲಿಲ್ಲ. ದೀಪ ಆರಿದರೆ ಅದೂ ಮಾಯ. ನಮಗೆ ಬೇಕಿದ್ದದ್ದು ಕತ್ತಲೆಯಲ್ಲೂ ತಾನಾಗಿ ಬೆಳಗುವ ಕತ್ತಿ.

ಅಂಗಡಿಗೆ ಹೋಗಿ "ಎಲ್ಲಕ್ಕಿಂತ ಪ್ರಖರವಾದ ಎಲ್‌ಇಡಿ ಕೊಡಿ" ಎಂದೆ. "ಇದಕ್ಕಿಂತ ಬ್ರೈಟ್ ಬ್ಯಾರೆ ಇಲ್ರೀ ಅಕ್ಕಾರ" ಎಂದು ಅವರು ಬಟಾಣಿ ಕಾಳಿನ ಗಾತ್ರದ ನಾಲ್ಕು ಬಿಳಿ ದೀಪ ಕೊಟ್ಟರು. ಚೀಟಿಯ ಮೇಲೆ 15,000 ಎಂದು ಬರೆದಿತ್ತು. ಅವುಗಳನ್ನು ಹಿಡಿಕೆಯೊಳಗೆ ಕೂರಿಸಿ, ಮುಂದೆ ಬಿಳಿ ಪ್ಲಾಸ್ಟಿಕ್ ಕೊಳವೆ ಜೋಡಿಸಿದೆವು. ರಾತ್ರಿ ದೀಪ ಆರಿಸಿ ಗುಂಡಿ ಒತ್ತಿದರೆ, ಕತ್ತಿಯ ತುದಿಯಲ್ಲಿ ಒಂದು ಬೊಟ್ಟು ಬೆಳಕು! ಉಳಿದ ಭಾಗವೆಲ್ಲ ಮಬ್ಬು. ಟಾರ್ಚಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಮಗಳು ಏನೂ ಹೇಳಲಿಲ್ಲ. ಕತ್ತಿಯನ್ನು ಮೆಲ್ಲನೆ ಕಪಾಟಿನ ಪಕ್ಕಕ್ಕಿಟ್ಟು ಮಲಗಿದಳು. ಅವಳು ಅತ್ತಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ.

ತಪ್ಪು ಅಂಗಡಿಯವರದಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಪೈಪಿನ ಬಾಯಿಗೆ ಹೆಬ್ಬೆರಳು

ಅಂಗಳಕ್ಕೆ ನೀರು ಹಾಯಿಸುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದ್ದೀರಾ? ನೀರು ಬಾಣದಂತೆ ದೂರ ಚಿಮ್ಮುತ್ತದೆ. ನೀರೇನೂ ಹೆಚ್ಚಾಗಲಿಲ್ಲ, ಒಂದೇ ಕಡೆ ಒತ್ತಾಗಿ ಹೋಯಿತು ಅಷ್ಟೆ. ಅದೇ ನೀರನ್ನು ಹೂವಿನ ಪಾತಿಗೆ ಹರಡಬೇಕಾದರೆ ಝಾರಿಯೇ ಬೇಕು.

ಎಲ್‌ಇಡಿಯ ಚೀಟಿಯಲ್ಲಿರುವ ದೊಡ್ಡ ಸಂಖ್ಯೆಯೂ ಹೀಗೆಯೇ. ಅದು ಮಿಲಿಕ್ಯಾಂಡೆಲಾ ಎಂಬ ಅಳತೆ. ಒಂದು ದಿಕ್ಕಿನಲ್ಲಿ ಬೆಳಕು ಎಷ್ಟು ಒತ್ತಾಗಿದೆ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಒಟ್ಟು ಬೆಳಕು ಎಷ್ಟು ಎಂಬುದನ್ನಲ್ಲ. ಒಟ್ಟು ಬೆಳಕಿನ ಅಳತೆಯ ಹೆಸರು ಲ್ಯೂಮೆನ್. ಮನೆಗೆ ತರುವ ಬಲ್ಬಿನ ಡಬ್ಬಿಯ ಮೇಲೆ ಇದನ್ನು ಮುದ್ರಿಸಿರುತ್ತಾರೆ.

ಒಂದು ಲೆಕ್ಕ ನೋಡಿ. ಬೆಳಕನ್ನು 15 ಡಿಗ್ರಿಯ ಕಿರಿದಾದ ಕೋನದಲ್ಲಿ ಚೆಲ್ಲುವ 15,000 ಮಿಲಿಕ್ಯಾಂಡೆಲಾದ ದೀಪ ಒಂದು. 120 ಡಿಗ್ರಿಯಷ್ಟು ಅಗಲಕ್ಕೆ ಚೆಲ್ಲುವ 2,000 ಮಿಲಿಕ್ಯಾಂಡೆಲಾದ ದೀಪ ಇನ್ನೊಂದು. ಚೀಟಿ ನೋಡಿದರೆ ಮೊದಲನೆಯದೇ ದೊಡ್ಡದು. ಆದರೆ ಸ್ಥೂಲವಾಗಿ ಲೆಕ್ಕ ಹಾಕಿದರೆ ಮೊದಲನೆಯದರ ಒಟ್ಟು ಬೆಳಕು ಒಂದು ಲ್ಯೂಮೆನ್‌ಗಿಂತ ಕಡಿಮೆ, ಎರಡನೆಯದರದ್ದು ಸುಮಾರು ಆರು! ಆದ್ದರಿಂದ ಅಂಗಡಿಯಲ್ಲಿ "ಎಷ್ಟು ಬ್ರೈಟ್?" ಎಂದು ಕೇಳಿ ಸುಮ್ಮನಾಗಬೇಡಿ. "ಬೆಳಕು ಎಷ್ಟು ಅಗಲಕ್ಕೆ ಹರಡುತ್ತದೆ?" ಎಂದೂ ಕೇಳಿ. ತಲೆ ಉದ್ದವಾಗಿ, ಪಾರದರ್ಶಕವಾಗಿರುವ ದೀಪಗಳು ಸಾಮಾನ್ಯವಾಗಿ ಟಾರ್ಚಿಗೆ ಸರಿ. ತಲೆ ಚಪ್ಪಟೆಯಾಗಿ ಟೋಪಿಯಂತಿರುವುದು ಅಥವಾ ಪಟ್ಟಿಯ ಮೇಲೆ ಕೂರಿಸಿದ ಚೌಕ ದೀಪಗಳು ಕತ್ತಿಗೆ ಸರಿ.

ಇನ್ನೊಂದು ಮಾತು. ದೀಪದ ಬೆಳಕು ಎರಡು ಪಟ್ಟಾದರೆ ನಮ್ಮ ಕಣ್ಣಿಗೆ ಅದು ಎರಡು ಪಟ್ಟಾಗಿ ಕಾಣುವುದಿಲ್ಲ, ತುಸು ಹೆಚ್ಚಾದಂತೆ ಕಾಣುತ್ತದೆ ಅಷ್ಟೆ. ಹಾಗಾಗಿ ದೀಪದ ಮೇಲೆ ದೀಪ ಪೇರಿಸುವುದಕ್ಕಿಂತ, ಆ ದೃಶ್ಯದಲ್ಲಿ ವೇದಿಕೆಯ ದೀಪಗಳನ್ನು ಪೂರ್ತಿ ಆರಿಸಲು ಟೀಚರ್‌ಗೆ ನೆನಪಿಸುವುದೇ ಲಾಭ. ಹ್ಯಾಲೊಜನ್ ದೀಪ ಉರಿಯುತ್ತಿರುವಾಗ ಎಂತಹ ಕತ್ತಿಯೂ ಮಂಕೇ.

ಟ್ರ್ಯಾಕ್ಟರ್ ಕಲಿಸಿದ ಪಾಠ

ನಮ್ಮದು ಕಬ್ಬಿನ ಸೀಮೆ. ಕಾರ್ಖಾನೆಗಳು ಶುರುವಾದವೆಂದರೆ ರಾತ್ರಿ ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರ್‌ಗಳು. ಅವುಗಳಿಗೆ ಮದುಮಗನಂತೆ ಬಣ್ಣಬಣ್ಣದ ದೀಪದ ಅಲಂಕಾರ. ಮರುದಿನ ಸಂಜೆ ಅಂತಹದೊಂದು ಟ್ರ್ಯಾಕ್ಟರ್ ಮನೆಯ ಮುಂದೆ ಹಾದುಹೋದಾಗ ಮಗಳೇ ಕೂಗಿದಳು, "ಅಮ್ಮೀ, ಆ ಪಟ್ಟಿ ನೋಡಿ!" ನಿಜವಾಗಿ ಉತ್ತರ ಕಣ್ಣೆದುರಿಗೇ ಇತ್ತು. ಉದ್ದಕ್ಕೂ ಸಣ್ಣ ಸಣ್ಣ ಎಲ್‌ಇಡಿಗಳಿರುವ ಪಟ್ಟಿಯನ್ನು ಕತ್ತಿಯ ಉದ್ದಕ್ಕೂ ಅಂಟಿಸಿದರೆ ಬುಡದಿಂದ ತುದಿಯವರೆಗೆ ಒಂದೇ ಸಮ ಬೆಳಕು.

ಪಟ್ಟಿ ಕೊಳ್ಳುವಾಗ ವೋಲ್ಟ್ ಕೇಳಲು ಮರೆಯಬೇಡಿ. ವಾಹನಗಳಿಗೆ ಹಾಕುವುದು 12 ವೋಲ್ಟಿನದು. ಅದರಲ್ಲಿ ಮೂರು ಮೂರು ದೀಪಗಳು ಒಂದರ ಹಿಂದೊಂದು ಸೇರಿರುತ್ತವೆ. ಆದ್ದರಿಂದ ಗುರುತು ಇರುವ ಕಡೆ ಮಾತ್ರ, ಮೂರರ ಲೆಕ್ಕದಲ್ಲೇ ಕತ್ತರಿಸಬೇಕು. ಇದಕ್ಕೆ ಎಂಟು ಪೆನ್ಸಿಲ್ ಸೆಲ್ ಬೇಕಾಗುತ್ತದೆ. ಮಕ್ಕಳ ಕೈಗೆ ಅದು ಭಾರ. ಟಿವಿಯ ಹಿಂದೆ ಅಂಟಿಸಲು ಸಿಗುವ 5 ವೋಲ್ಟಿನ ಪಟ್ಟಿ ಮೊಬೈಲಿನ ಪವರ್ ಬ್ಯಾಂಕಿನಿಂದಲೇ ಉರಿಯುತ್ತದೆ. ಮನೆಯಲ್ಲಿ ಮಾಡುವ ಕತ್ತಿಗೆ ಇದೇ ಸುಲಭ.

ಹತ್ತು ವರ್ಷದ ಮಗುವಿಗೆ 60 ಸೆಂಟಿಮೀಟರ್ ಉದ್ದದ ಅಲಗು ಸಾಕು. ಎರಡೂ ಬದಿಗೆ ಸೇರಿ 1.2 ಮೀಟರ್ ಪಟ್ಟಿ. ಮೀಟರಿಗೆ 60 ದೀಪಗಳಿರುವ ಪಟ್ಟಿಯಾದರೆ ಒಟ್ಟು 72 ದೀಪ. ಮೀಟರಿಗೆ 30 ದೀಪದ ಪಟ್ಟಿ ಅಗ್ಗ, ಆದರೆ ದೂರ ದೂರ ಇರುವುದರಿಂದ ಬೆಳಕು ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ.

ಪಟ್ಟಿ ಸಿಗದಿದ್ದರೆ ಬಿಡಿ ದೀಪಗಳಿಂದಲೂ ಮಾಡಬಹುದು. ಆಗ ಪ್ರತಿ ದೀಪಕ್ಕೂ ಒಂದು ರೆಸಿಸ್ಟರ್ ಕಡ್ಡಾಯ. ಎಲ್‌ಇಡಿ ಹಸಿದ ಮಗುವಿನಂತೆ, ಎಷ್ಟು ಕರೆಂಟ್ ಕೊಟ್ಟರೂ ನುಂಗಿ ಕಡೆಗೆ ಸುಟ್ಟುಹೋಗುತ್ತದೆ. ಅದನ್ನು ಮಿತಿಯಲ್ಲಿಡುವುದೇ ರೆಸಿಸ್ಟರ್. ಮೂರು ಪೆನ್ಸಿಲ್ ಸೆಲ್ ಸೇರಿದರೆ 4.5 ವೋಲ್ಟ್. ಬಿಳಿ, ನೀಲಿ ದೀಪಗಳಿಗೆ ಸುಮಾರು 3.2 ವೋಲ್ಟ್ ಬೇಕು. ಉಳಿದ 1.3 ವೋಲ್ಟನ್ನು 20 ಮಿಲಿ ಆಂಪಿಯರ್‌ನಿಂದ, ಅಂದರೆ 0.02ರಿಂದ ಭಾಗಿಸಿದರೆ 65. ಅಂಗಡಿಯಲ್ಲಿ ಸಿಗುವುದು 68 ಓಮ್‌ನದು, ಅದನ್ನೇ ತನ್ನಿ. ಕೆಂಪು ದೀಪಕ್ಕೆ 2 ವೋಲ್ಟ್ ಸಾಕಾದ್ದರಿಂದ 150 ಓಮ್ ಹಾಕಿ. ಹತ್ತನೇ ತರಗತಿಯ ಮಗುವಿದ್ದರೆ ಈ ಲೆಕ್ಕವನ್ನು ಅದರಿಂದಲೇ ಮಾಡಿಸಿ. ಪುಸ್ತಕದಲ್ಲಿ ಓದಿದ್ದು ಕೈಯಲ್ಲಿ ಬೆಳಗಿದರೆ ಮತ್ತೆ ಮರೆಯುವುದಿಲ್ಲ.

ಯಾವ ಬಣ್ಣ?

ನಮ್ಮ ಕಣ್ಣಿಗೆ ಹಸಿರು ಬೆಳಕು ಅತಿ ಸುಲಭವಾಗಿ ಗೋಚರಿಸುತ್ತದೆ. ಬೆಳಕಿನ ಶಕ್ತಿ ಒಂದೇ ಇದ್ದರೂ ಕೆಂಪು, ನೀಲಿಗಿಂತ ಹಸಿರೇ ಹೆಚ್ಚು ಪ್ರಖರವೆನಿಸುತ್ತದೆ. ಬಿಳಿಯ ಬೆಳಕು ಬಿದ್ದರೆ ಮುಖ, ಉಡುಪಿನ ಬಣ್ಣಗಳು ಸಹಜವಾಗಿ ಕಾಣುತ್ತವೆ. ನೀಲಿ ನೋಡಲು ಚೆಂದ, ಆದರೆ ಮಗುವಿನ ಮುಖ ಪೇಲವವಾಗಿ ಕಾಣುತ್ತದೆ. ನಾವು ಆರಿಸಿದ್ದು ಬಿಳಿ.

ಈ ಬಿಳಿ ಬೆಳಕಿನ ಹಿಂದೆ ದೊಡ್ಡ ಕಥೆಯೇ ಇದೆ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿದ್ದರು. ಪ್ರಖರವಾದ ನೀಲಿಗೆ ಮಾತ್ರ ಜಗತ್ತು ಇನ್ನೂ ಮೂವತ್ತು ವರ್ಷ ಕಾಯಬೇಕಾಯಿತು. ಜಪಾನಿನಲ್ಲಿ ಹುಟ್ಟಿದ ಅಕಸಾಕಿ, ಅಮಾನೊ, ನಕಮುರ ಎಂಬ ಮೂವರು ಪಟ್ಟು ಬಿಡದೆ ಅದನ್ನು ಸಾಧಿಸಿದರು. 2014ರಲ್ಲಿ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು. ನೀಲಿ ದೀಪದ ಮೇಲೆ ಹಳದಿ ಪುಡಿಯ ಲೇಪ ಕೊಟ್ಟಾಗ ಹೊಮ್ಮುವುದೇ ಇಂದು ನಮ್ಮ ಅಡುಗೆಮನೆಯಲ್ಲಿ ಬೆಳಗುವ ಬಿಳಿ ಬೆಳಕು. ಆರಿದ್ದಾಗ ದೀಪದ ಮೇಲೆ ಕಾಣುವ ಹಳದಿ ಬೊಟ್ಟು ಆ ಲೇಪವೇ.

ಸಿನಿಮಾದವರೂ ಇದೇ ದಾರಿಯಲ್ಲಿ ಬಂದರು. ಬೆಳಕಿನ ಕತ್ತಿಗೆ ಹೆಸರಾದ 'ಸ್ಟಾರ್ ವಾರ್ಸ್' ಚಿತ್ರ 1977ರಲ್ಲಿ ಬಂದಾಗ ನಟರ ಕೈಯಲ್ಲಿದ್ದದ್ದು ನಮ್ಮ ಬೇಗಡೆಯ ಕತ್ತಿಯಂತೆ ಹೊಳೆಯುವ ಪಟ್ಟಿ ಸುತ್ತಿದ ಕೋಲು. ಪ್ರಭೆಯನ್ನು ಆಮೇಲೆ ಫಿಲ್ಮಿನ ಮೇಲೆ ಬಿಡಿಸಿದರು. 2015ರ ಚಿತ್ರದ ಹೊತ್ತಿಗೆ ಕತ್ತಿಯೊಳಗೇ ಎಲ್‌ಇಡಿ ಬಂತು. ಆಗ ನಟರ ಮುಖದ ಮೇಲೆ ನಿಜವಾದ ಬೆಳಕೇ ಬಿತ್ತು.

ಮಾಡುವ ವಿಧಾನ

ತೆಳುವಾದ ಕಟ್ಟಿಗೆಯ ಪಟ್ಟಿಯೊಂದನ್ನು 60 ಸೆಂಟಿಮೀಟರಿಗೆ ಕೊಯ್ಸಿ, ಅಂಚುಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ. ಅದರ ಮೇಲೆ ಬೇಗಡೆ ಅಥವಾ ಬಿಸ್ಕತ್ ಪೊಟ್ಟಣದ ಒಳಗಿನ ಬೆಳ್ಳಿ ಹಾಳೆ ಅಂಟಿಸಿ. ಹಿಂದಕ್ಕೆ ಹೋಗುವ ಬೆಳಕನ್ನು ಅದು ಮುಂದಕ್ಕೆ ಮರಳಿಸುತ್ತದೆ. ಬೆಳ್ಳಿ ಹಾಳೆ ವೈರಿನ ಬರಿಯ ತುದಿಗಳಿಗೆ ತಾಗದಂತೆ ಅಲ್ಲಿ ಟೇಪ್ ಸುತ್ತಿ. ಎಲ್‌ಇಡಿ ಪಟ್ಟಿಯನ್ನು ಎರಡೂ ಬದಿಗೆ ಅಂಟಿಸಿ.

ಈಗ ಮುಖ್ಯವಾದ ಕೆಲಸ, ಬೆಳಕನ್ನು ಹರಡುವುದು. ಹೊಸ ಟಿವಿ, ಮಿಕ್ಸಿಗಳಿಗೆ ಸುತ್ತಿ ಬರುವ ತೆಳುವಾದ ಬಿಳಿ ಫೋಮ್ ಹಾಳೆ ಇದಕ್ಕೆ ಬಹಳ ಒಳ್ಳೆಯದು. ಒಂದು ಸುತ್ತು ಸುತ್ತಿ ದೀಪ ಹಚ್ಚಿ ನೋಡಿ. ದೀಪಗಳು ಇನ್ನೂ ಬಿಡಿಬಿಡಿಯಾಗಿ ಕಂಡರೆ ಇನ್ನೊಂದು ಸುತ್ತು. ಹಾಳೆ ಮತ್ತು ದೀಪದ ನಡುವೆ ಒಂದೆರಡು ಸೆಂಟಿಮೀಟರ್ ಸಂದು ಇದ್ದಷ್ಟೂ ಬೆಳಕು ಸಮನಾಗುತ್ತದೆ. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಭದ್ರ ಮಾಡಿ. ತುದಿಯನ್ನು ಚೂಪಾಗಿ ಬಿಡಬೇಡಿ, ಸ್ಪಂಜು ಇಟ್ಟು ದುಂಡಗೆ ಮಾಡಿ.

ಪವರ್ ಬ್ಯಾಂಕನ್ನು ಹಿಡಿಕೆಯಲ್ಲಿ ತುರುಕುವುದು ಬೇಡ. ಬಟ್ಟೆಯ ಪುಟ್ಟ ಚೀಲ ಹೊಲಿದು ಸೊಂಟಕ್ಕೆ ಕಟ್ಟಿ, ವೈರನ್ನು ತೋಳಿನೊಳಗಿಂದ ತನ್ನಿ. ಕತ್ತಿ ಹಗುರವಾಗುತ್ತದೆ, ಬಿದ್ದರೂ ಬ್ಯಾಟರಿಗೆ ಪೆಟ್ಟಾಗುವುದಿಲ್ಲ. ವೈರು ಸ್ವಲ್ಪ ಸಡಿಲವಿರಲಿ, ಮಗು ಕೈ ಎತ್ತಿದಾಗ ಕಿತ್ತುಬರಬಾರದು. ಹಿಂದಿನ ರಾತ್ರಿ ಚಾರ್ಜ್ ಮಾಡಿಡಿ. ನಮ್ಮ ಊರುಗಳಲ್ಲಿ ಕರೆಂಟನ್ನು ಬೆಳಗಿನವರೆಗೆ ನಂಬುವ ಹಾಗಿಲ್ಲ.

ತಾಯಂದಿರು ಮರೆಯಬಾರದ ಮಾತು

* ಹಾಳಾದ ಟ್ಯೂಬ್‌ಲೈಟನ್ನು ಕತ್ತಿ ಮಾಡಿಕೊಂಡು ಆಡುವ ಮಕ್ಕಳನ್ನು ನೀವೂ ನೋಡಿರಬಹುದು. ಹಳೆಯ ಟ್ಯೂಬ್‌ಲೈಟ್ ಗಾಜಿನದು, ಒಳಗೆ ಪಾದರಸದ ಆವಿ ಇರುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಲೇಬೇಡಿ.
* ನಾಣ್ಯದಂತಿರುವ ಗುಂಡಿ ಸೆಲ್‌ಗಳನ್ನು ಬಳಸಬೇಡಿ. ಪುಟ್ಟ ಮಕ್ಕಳು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ನುಂಗಿದ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಿ.
* ಹೊದಿಕೆಯಿಲ್ಲದ ಪ್ರಖರ ಎಲ್‌ಇಡಿಯನ್ನು ದಿಟ್ಟಿಸಿ ನೋಡಲು ಬಿಡಬೇಡಿ.
* ಗೋಡೆಯ ಪ್ಲಗ್ಗಿನಿಂದ ನೇರವಾಗಿ ಉರಿಯುವ ದೀಪದ ಸರವನ್ನು ಕತ್ತಿಯೊಳಗೆ ಎಂದಿಗೂ ಹಾಕಬೇಡಿ. ಅದು ಪ್ರಾಣಕ್ಕೇ ಅಪಾಯ.
* ಹತ್ತು ನಿಮಿಷ ಉರಿಸಿ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ, ಕೈ ಸುಡುವಂತಿದ್ದರೆ ಎಲ್ಲೋ ತಪ್ಪಾಗಿದೆ.

ಅತ್ತೆಯ ಪ್ರಶ್ನೆ

ಇಷ್ಟೆಲ್ಲ ಸಿದ್ಧತೆ ನಡೆದಾಗ ನನ್ನ ಅತ್ತೆ ತಸ್ಬೀಹ್ ಕೆಳಗಿಟ್ಟು ಕೇಳಿದರು, "ಈಗಿನ ಕಾಲದಲ್ಲಿ ನಮ್ಮ ಮಗುವಿನ ಕೈಗೆ ತಲವಾರ್ ಬೇಕೇನಮ್ಮಾ? ನೋಡಿದವರು ಏನೆಂದುಕೊಂಡಾರು?"

ಸಹೋದರಿಯರೇ, ಈ ಅಳುಕು ನಿಮ್ಮಲ್ಲೂ ಅನೇಕರಿಗೆ ಇರಬಹುದು. ಅದನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಯೋಚಿಸಿದಾಗ ನನಗೆ ಹೊಳೆದದ್ದಿಷ್ಟು. ಬೇಗಡೆ ಹಚ್ಚಿದ ಕತ್ತಿಯನ್ನು ದೂರದಿಂದ ಕಂಡವರು ನಿಜವೆಂದು ತಿಳಿದಾರು. ಫೋಮ್ ಸುತ್ತಿದ, ತುದಿ ದುಂಡಗಿರುವ, ಒಳಗಿನಿಂದ ಬೆಳಗುವ ಕತ್ತಿಯನ್ನು ಯಾರೂ ಆಯುಧವೆಂದು ಭ್ರಮಿಸಲಾರರು. ಆದರೂ ಅದನ್ನು ಚೀಲದಲ್ಲಿಟ್ಟು ಶಾಲೆಗೆ ಒಯ್ಯಬೇಕು, ನಾಟಕ ಮುಗಿದೊಡನೆ ಚೀಲದಲ್ಲೇ ತರಬೇಕು, ಬೀದಿಯಲ್ಲಿ ಝಳಪಿಸಬಾರದು ಎಂದು ನಿಯಮ ಮಾಡಿದೆವು.

ಆಟಕ್ಕೆ ನಮ್ಮ ಧರ್ಮದಲ್ಲಿ ಎಡೆಯಿಲ್ಲ ಎಂದೇನಿಲ್ಲ. ಈದ್‌ನ ದಿನ ಮಸೀದಿಯಲ್ಲಿ ಅಬಿಸೀನಿಯಾದವರು ಭರ್ಜಿಗಳ ಆಟವಾಡುತ್ತಿದ್ದಾಗ ಪ್ರವಾದಿ ಮುಹಮ್ಮದ್(ಸ) ಹಝ್ರತ್ ಆಯಿಶಾ(ರ)ರಿಗೆ ಅದನ್ನು ಮನದಣಿಯೆ ನೋಡಲು ಬಿಟ್ಟದ್ದು ಹದೀಸ್‌ಗಳಲ್ಲಿ ದಾಖಲಾಗಿದೆ. ಅದೇ ಪ್ರವಾದಿ(ಸ) ಒಡಹುಟ್ಟಿದ ಸಹೋದರನತ್ತಲೂ ಆಯುಧ ಚಾಚಬಾರದೆಂದು ಕಟುವಾಗಿ ಎಚ್ಚರಿಸಿದ್ದಾರೆ. ಆಟ ಎಲ್ಲಿ ನಿಲ್ಲಬೇಕು ಎಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ಮಗಳನ್ನು ಕೂರಿಸಿಕೊಂಡು ಎರಡನ್ನೂ ಹೇಳಿದೆ. ಅವಳ ತಮ್ಮನನ್ನೂ ಪಕ್ಕದಲ್ಲಿ ಕೂರಿಸಿದ್ದೆ. ಕತ್ತಿ ಮೊದಲು ಚಾಚುವುದು ಅವನತ್ತಲೇ ತಾನೇ!

ಮಲಗುವ ಮುನ್ನ ದೀಪ ಆರಿಸಿ, ಇಲಿ ಬತ್ತಿ ಎಳೆದು ಮನೆಗೆ ಬೆಂಕಿ ತಗುಲಬಹುದು ಎಂಬ ಪ್ರವಾದಿ(ಸ)ಯವರ ಎಚ್ಚರಿಕೆ ನಿಮಗೆಲ್ಲ ತಿಳಿದದ್ದೇ. ಬತ್ತಿಯ ಕಾಲ ಹೋಯಿತು, ಎಚ್ಚರಿಕೆ ಹೋಗಲಿಲ್ಲ. ಪ್ರತಿ ರಾತ್ರಿ ಕತ್ತಿಯಿಂದ ಪವರ್ ಬ್ಯಾಂಕ್ ಬಿಚ್ಚಿ ತೆಗೆದಿಡುವುದು ಅತ್ತೆಯ ಹೊಣೆಯಾಯಿತು. ಮಾತ್ರವಲ್ಲ, ಹಿಡಿಕೆಗೆ ಕಸೂತಿಯ ಪಟ್ಟಿ ಹೊಲಿದು ಕೊಟ್ಟವರೂ ಅವರೇ.

ಆ ರಾತ್ರಿ

ಗ್ಯಾದರಿಂಗ್‌ನ ದಿನ ದೀಪಗಳು ಆರಿದವು. ಶಾಮಿಯಾನದಲ್ಲಿ ಸದ್ದಡಗಿತು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ವೈರು ಸಡಿಲವಾಗಿದ್ದರೆ? ಆಗ ಕತ್ತಲೆಯ ನಡುವೆ ಬಿಳಿಯ ಗೆರೆಯೊಂದು ಬುಡದಿಂದ ತುದಿಯವರೆಗೆ ಬೆಳಗಿತು. ತಾಲೀಮಿನಲ್ಲಿ ಕಲಿಸಿದಂತೆ ಮಗಳು ಅದನ್ನು ಎತ್ತಿ ಝಳಪಿಸಲಿಲ್ಲ. ರಟ್ಟಿನ ಕಲ್ಲು ಪೇರಿಸುತ್ತಿದ್ದ ಮಕ್ಕಳಿಗೆ ಕೈ ಕಾಣದೆ ತಡವರಿಸುತ್ತಿದ್ದುದನ್ನು ನೋಡಿ ಕತ್ತಿಯನ್ನು ಅವರ ಕಡೆಗೆ ತಗ್ಗಿಸಿ ಹಿಡಿದಳು. ಆ ಬೆಳಕಿನಲ್ಲಿ ಗೋಡೆ ಏಳತೊಡಗಿತು.

ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ಅತ್ತೆ "ಮಾಷಾ ಅಲ್ಲಾಹ್" ಎಂದರು.

ನಿಮ್ಮ ಮಗುವೂ ನಾಳೆ ಬೆಳಗುವ ಕತ್ತಿ ಕೇಳಿದರೆ ಗದರಬೇಡಿ. ಕೂತು ಜೊತೆಗೆ ಮಾಡಿ. ಅತಿ ದೊಡ್ಡ ಸಂಖ್ಯೆಯ ದೀಪಕ್ಕಿಂತ ಬೆಳಕನ್ನು ಸುತ್ತಲೂ ಹರಡುವ ದೀಪ ಆರಿಸಿ. ನಾಟಕ ಮುಗಿದ ಮೇಲೆ ಆ ಪಟ್ಟಿಯನ್ನು ಬಿಚ್ಚಿ ಅಡುಗೆಮನೆಯ ಕಪಾಟಿನೊಳಗೆ ಅಂಟಿಸಿದರೆ ಕರೆಂಟು ಹೋದ ರಾತ್ರಿ ಒಲೆಯ ಮುಂದೆ ನಿಮಗೂ ದೀಪವಾದೀತು. ನಮ್ಮ ಮನೆಯಲ್ಲಿ ಈಗ ಅದು ಅಲ್ಲೇ ಇದೆ.